ಒಂದು ಕೈ ಜೇಬಲ್ಲಿ

ಗ್ರಿಮ್ಸ್‌ಬಿಯ ಬೀದಿಗೆಲ್ಲ ಮೀನಿನ ವಾಸನೆ,
ನನ್ನ ಶೆಡ್ಡಿಗೆ ಮಾತ್ರ ಸುಟ್ಟ ರಾಳದ್ದು.
ಆಂಪ್ಲಿಫೈಯರಿನ ಬೆನ್ನು ಬಿಚ್ಚಿ ಕೂತಿದ್ದೇನೆ.
ಮೂರು ದಿನದಿಂದ ಗುಂಯ್ ಅನ್ನುತ್ತಿದೆ,
ಕಾರಣ ಕೇಳಿದರೆ ಇನ್ನೂ ಜೋರಾಗಿ.

"ಒಂದು ಕೈ ಯಾವತ್ತೂ ಜೇಬಲ್ಲಿರಲಿ" ಅಂದಿದ್ದ
ಪಕ್ಕದ ಮನೆಯ ನೆವಿಲ್,
ಮೀನುದೋಣಿಗಳ ರೇಡಿಯೊ ರಿಪೇರಿ ಮಾಡುತ್ತಿದ್ದವ.
"ಎರಡೂ ಇಟ್ಟೆಯೋ, ಕರೆಂಟು
ಎದೆಯ ಮೇಲೇ ದಾರಿ ಮಾಡಿಕೊಳ್ಳುತ್ತೆ."
ಪ್ಲಗ್ಗು ಕಿತ್ತು ಗಂಟೆಯಾದರೂ
ಕೆಪಾಸಿಟರಿನ ಹೊಟ್ಟೆಯಲ್ಲಿ ಮುನ್ನೂರು ವೋಲ್ಟು,
ಜಗಳ ಮುಗಿದರೂ ಮಾತು ಬಿಟ್ಟವರ ಹಾಗೆ.
ಅದನ್ನು ಮೊದಲು ಬರಿದು ಮಾಡಿದೆ.

ಆಮೇಲೆ ಚೀನೀ ಹೋಟೆಲಿನ ಊಟದ ಕಡ್ಡಿಯಿಂದ
ಬೆಸುಗೆಗಳನ್ನು ಒಂದೊಂದೇ ಮೀಟಿದೆ.
ಹನ್ನೊಂದನೆಯದು ಅಲುಗಿತು.
ಅರ್ತಿನ ತಂತಿ. ಹೊಳಪಿಲ್ಲ, ಬೂದು ಬಣ್ಣ,
ಹಿಡಿದಂತೆ ನಟಿಸುತ್ತಿತ್ತು ಅಷ್ಟೆ.

ನಾನೇ ಹಾಕಿದ್ದು,
ನೆವಿಲ್‌ನ ಮಣ್ಣಿಗೆ ಹೋಗಿ ಬಂದ ಸಂಜೆ,
ಕೋಟು ಕೂಡ ಬಿಚ್ಚದೆ.

ಈ ಸಲ ಕಡ್ಡಿ ಕಾಯಲಿ, ನಾನೂ ಕಾಯುತ್ತೇನೆ,
ತವರ ತಾನಾಗಿ ಕರಗಿ
ತಂತಿಯ ಸುತ್ತ ಹರಿಯುವ ತನಕ.

ಸ್ವಿಚ್ಚು.
ಗುಂಯ್ ಇಲ್ಲ.
ಗಿಟಾರಿನ ಜ್ಯಾಕ್ ಚುಚ್ಚಲು ಬಲಗೈ ಸಾಕು.
ಎಡಗೈ ಮತ್ತೆ ಜೇಬಿಗೆ ಹೋಗಿ ಕೂತಿದೆ,
ಇನ್ನು ಹೊರಗೆ ಬಾ ಅನ್ನುವವರು
ಶೆಡ್ಡಿನಲ್ಲಿ ಯಾರೂ ಇಲ್ಲ.