ಬುಧವಾರ, ಎಂಟು ಹತ್ತು

ಬುಧವಾರ ರಾತ್ರಿ ಎಂಟು ಹತ್ತಕ್ಕೆ
ಟೀವಿಯ ಕೆಳಗಿನ ಕಪ್ಪು ಪೆಟ್ಟಿಗೆ ಮತ್ತೆ ಸತ್ತಿತು.
ಹಿಮದ ಇಳಿಜಾರಿನಿಂದ ಹಾರಿದವನೊಬ್ಬ
ಸ್ಕೀ ಎರಡನ್ನೂ ಚಾಚಿ
ಗಾಳಿಯಲ್ಲೇ ನಿಂತುಬಿಟ್ಟ.
ವರದಿ ಹೇಳುವವನ ಬಾಯಲ್ಲಿ ಒಂದೇ ಅಕ್ಷರ
ಡಬ್ಬಿಯೊಳಗಿನ ದುಂಬಿಯಂತೆ ಗುಂಯ್ ಗುಂಯ್.
ಆಮೇಲೆ ಅದೂ ಇಲ್ಲ.

ಕೋತ್ಕಾದ ಕಾಗದದ ಗಿರಣಿಯಲ್ಲಿ
ಮೂವತ್ತೊಂದು ವರ್ಷ ಪಾಳಿ ಮಾಡಿದವಳು ನಾನು,
ಮೂರನೇ ಯಂತ್ರದ ಇರ್ಯಾ.
ಊರಗಲದ ಹಾಳೆ ಓಡುತ್ತಿದ್ದಂತೆ ಪಟ್ಟನೆ ಹರಿದರೆ
ಬೈಯುವಷ್ಟು ಬೈದು, ಪುಸ್ತಕ ತೆಗೆಯುತ್ತಿದ್ದೆವು:
ಹೊತ್ತು, ವೇಗ, ತೇವ, ಯಾರ ಕೈ.
ಒಂದು ಹನಿ ನೀರು, ಒಂದು ನೊಣ, ಉಗುರಿನಷ್ಟು ತಿರುಳಿನ ಗಂಟು.
ಕಾರಣವಿಲ್ಲದೆ ಹರಿದ ಹಾಳೆಯನ್ನು ನಾನು ಕಂಡಿಲ್ಲ;
ಕಾರಣ ಸಿಗದ ಹಾಳೆ ಬೇಕಾದಷ್ಟು.

ನೀಲಿ ಗೆರೆಯ ಪುಸ್ತಕ ಮತ್ತೆ ತೆರೆದೆ.

ಪೆಟ್ಟಿಗೆ ಜೋಡಿಸಿಕೊಟ್ಟವನು ಅಣ್ಣನ ಮಗ ಲಸ್ಸೆ.
ಮೆಮೊರಿ ಕೆಟ್ಟಿರಬೇಕು ಅತ್ತೆ, ಅಂದ ಫೋನಿನಲ್ಲಿ.
ಪರೀಕ್ಷೆಗೆ ಹಚ್ಚಿ ಮಲಗಿದೆ.
ಬೆಳಗಾದರೆ ಒಂದೂ ತಪ್ಪಿಲ್ಲ.
ನನ್ನನ್ನು ಹಾಗೆ ರಾತ್ರಿಯಿಡೀ ಕೇಳಿದ್ದರೆ
ಎರಡನೇ ಪ್ರಶ್ನೆಗೇ ಕೆಂಪು ಗೆರೆ.
ಹಾಗಾದರೆ ಬಿಸಿ, ಅಂದ. ಮುಚ್ಚಳ ಬಿಚ್ಚಿದೆ.
ಫ್ಯಾನಿನ ರೆಕ್ಕೆಗೆ ಬೆಕ್ಕಿನ ಕೂದಲು;
ಬೆಕ್ಕು ಹೋಗಿ ಎರಡು ಚಳಿಗಾಲವಾಯಿತು.
ಕುಂಚದಲ್ಲಿ ಗುಡಿಸಿ, ಬಿಸಾಡಲಾಗದೆ
ಬೆಂಕಿಪೊಟ್ಟಣದಲ್ಲಿ ಎತ್ತಿಟ್ಟೆ.
ಚಿಪ್ಪಿನ ಮೇಲೆ ಹೊಸ ಬೂದು ಲೇಪ, ಬಟಾಣಿಯಷ್ಟು.
ಡ್ರೈವರ್ ಹಳತು ತೆಗೆದು ಹೊಸತು, ಹೊಸತು ತೆಗೆದು ಹಳತು.
ಲಾಗ್ ಓದಿದೆ. ಲಾಗ್ ಅಂದರೆ ಸತ್ತವನ ಜೇಬಿನ ಚೀಟಿ:
ಸಕ್ಕರೆ, ಸೋಪು, ಬಸ್ಸಿನ ವೇಳೆ,
ಸಾವೊಂದು ಬಿಟ್ಟು ಎಲ್ಲ ಬರೆದಿರುತ್ತದೆ.

ಸಾವು ನನ್ನ ಪುಸ್ತಕದಲ್ಲಿತ್ತು.
ಬುಧವಾರ ೮-೧೦. ಶನಿವಾರ ೫-೪೦. ಬುಧವಾರ ೮-೧೦.
ಭಾನುವಾರ ದಿನವಿಡೀ ಓಡಿದರೂ ಕೆಮ್ಮಿಲ್ಲ.
ಯಂತ್ರಕ್ಕೆ ವಾರ ಗೊತ್ತಿಲ್ಲವಲ್ಲ,
ವಾರ ಗೊತ್ತಿರುವುದು ಮನುಷ್ಯರಿಗೆ.

ಮುಂದಿನ ಬುಧವಾರ ದೀಪ ಒಮ್ಮೆ ರೆಪ್ಪೆ ಬಡಿಯಿತು;
ಹಾರಿದವನು ನಿಂತ;
ಅರ್ಧ ಗಂಟೆಗೆ ಬರ್ಚ್ ಸೊಪ್ಪಿನ ವಾಸನೆ
ಕೆಳಗಿನಿಂದ ಮೆಟ್ಟಿಲು ಹತ್ತಿ ಬಂತು.
ಓರ್ವೊ ರೌತಿಯೊ, ಬಂದರಿನಲ್ಲಿ ಕ್ರೇನ್ ನಡೆಸಿದವನು,
ಸೌನಾದ ಒಲೆ ಹಚ್ಚಿದ್ದ.
ಕಲ್ಲು ಕಾಯಿಸುವ ಆ ಒಲೆ ಮೊದಲ ಗುಟುಕಿಗೇ
ಕಟ್ಟಡದ ಮುದಿ ತಂತಿಯಿಂದ ಅಷ್ಟೂ ಹೀರಿದರೆ
ಮೇಲೆ ನನ್ನ ಪೆಟ್ಟಿಗೆಗೆ ಉಸಿರು ಕಟ್ಟುತ್ತದೆ.

ಒಳ್ಳೇ ಪವರ್ ಸಪ್ಲೈ ಹಾಕಿಸು, ಅರವತ್ತು ಯೂರೊ, ಅಂದ ಲಸ್ಸೆ.
ಹಾಕಿಸೋಣ ಅಂದೆ.
ಹನ್ನೆರಡು ವರ್ಷ ಒಂದೇ ಮೆಟ್ಟಿಲು ತುಳಿದೂ
ನಾವಿಬ್ಬರು ಆಡಿದ್ದು ಹಿಮದ ಮಾತು, ಕಸದ ದಿನದ ಮಾತು.
ಈಗ ಅವನ ವಾರ ನನಗೆ ಬಾಯಿಪಾಠ.

ಜನವರಿಯ ಕೊನೇ ಬುಧವಾರ
ಎಂಟು ಹತ್ತು ದಾಟಿತು.
ಅಷ್ಟು ವಾರ ಗಾಳಿಯಲ್ಲಿ ನೇತಾಡಿದ ಹುಡುಗರು
ಒಬ್ಬೊಬ್ಬರಾಗಿ ಇಳಿದರು,
ಮಂಡಿ ಬಾಗಿಸಿ, ಒಂಚೂರು ಓಲಾಡಿ.
ಒಬ್ಬ ಹನ್ನೊಂದನೆಯವನಾದ.
ಎಂಟು ಇಪ್ಪತ್ತು. ಎಂಟೂವರೆ.
ಏನೂ ಕೆಡುತ್ತಿಲ್ಲವೆಂದು ಎದೆ ಹೊಡೆದುಕೊಂಡಿತು.

ಉಣ್ಣೆಯ ಕಾಲುಚೀಲದಲ್ಲೇ ಕೆಳಗೆ ಓಡಿದೆ.
ಎರಡನೇ ಬಡಿತಕ್ಕೆ ಬಾಗಿಲು ತೆರೆಯಿತು:
ಓರ್ವೊ, ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರು.
ಸೋಮವಾರ ಜಾರಿದೆ, ಅಂದ, ಅಂಗಡಿಯ ಮುಂದೆ.
ಯಾಕೆ ಬಂದೆ ಅಂತ ಕೇಳಲಿಲ್ಲ.
ನನ್ನ ಪೆಟ್ಟಿಗೆ ಸಾಯಲಿಲ್ಲ, ಅದಕ್ಕೆ ಬಂದೆ
ಅಂತ ನಾನಾದರೂ ಹೇಗೆ ಹೇಳಲಿ.
ಮೇಜಿನ ಮೇಲೆ ಉಪ್ಪಿನ ಸೌತೆಕಾಯಿಯ ಭರಣಿ,
ಎರಡು ದಿನದಿಂದ ತೆರೆಯದ್ದು.
ಮುಚ್ಚಳ ತಿರುವಿಕೊಟ್ಟೆ.
ನಿಂತುಕೊಂಡೇ ಎರಡೆರಡು ತಿಂದೆವು.

ಪವರ್ ಸಪ್ಲೈ ಅಂಚೆಯಲ್ಲಿ ಬಂದು ತಿಂಗಳಾಯಿತು.
ರಟ್ಟಿನ ಡಬ್ಬದಲ್ಲೇ ಕಪಾಟಿನಡಿ ಇದೆ.
ಲಸ್ಸೆ ಕೇಳಿದರೆ ಸ್ಕ್ರೂ ಸಿಗುತ್ತಿಲ್ಲ ಅನ್ನುತ್ತೇನೆ.
ಪುಸ್ತಕದ ಕೊನೆಯ ಸಾಲು:
ಮಾರ್ಚ್, ಮೊದಲ ಬುಧವಾರ, ೮-೧೪.
ನಾಲ್ಕು ನಿಮಿಷ ತಡ.
ಕಾರಣ: ಎಡಗೈ.