ಕೈಗೆ ಸಿಗದ ಚಿಟ್ಟೆ

ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ ಅನ್ನುತ್ತಾರಲ್ಲ ಜನ,
ನನಗೆ ಏಳು ವರ್ಷ
ಬೇರೆ ಯಾವುದಕ್ಕೂ ಪುರುಸೊತ್ತಿರಲಿಲ್ಲ.

ರೀಗಾದಲ್ಲಿ ಟ್ರಾಮು ಓಡಿಸುವವಳು ನಾನು, ಸ್ಕೈದ್ರೀತೆ.
ಎಡಗೈ ಹಿಡಿಕೆಯ ಮೇಲೆ, ಬಲಗೈ ಗಂಟೆಯ ಗುಂಡಿಯ ಹತ್ತಿರ.
ಎರಡಕ್ಕೂ ಕೆಲಸವಿರುವಾಗಲೇ
ಮೊಣಕಾಲ ಕೆಳಗೆ ಒಂದು ಕಿಡಿ.
ಮುಂದಿನ ನಿಲ್ದಾಣಕ್ಕೆ ನಾಲ್ಕು ನಿಮಿಷ.
ನಾಲ್ಕು ನಿಮಿಷ ಎಷ್ಟು ಉದ್ದವೆಂದು
ಗಡಿಯಾರ ರಿಪೇರಿಯವನಿಗೂ ಗೊತ್ತಿರಲಾರದು.
ಬಾಗಿಲು ತೆರೆದು, ಯಾರೋ ಮಗುವಿನ ಗಾಡಿ ಇಳಿಸುವಷ್ಟರಲ್ಲಿ
ಬಾಗಿ ಕೆರೆದುಬಿಡುತ್ತಿದ್ದೆ,
ಗಲ್ಲಾಪೆಟ್ಟಿಗೆಗೆ ಕೈ ಹಾಕಿದವಳ ಹಾಗೆ.

ರಾತ್ರಿಯ ಮಾತು ಬೇಡ.

ಕ್ರಿಸ್‌ಮಸ್ಸಿಗೆ ನಮ್ಮಲ್ಲಿ ಬೂದು ಬಟಾಣಿ ಬೇಯಿಸುತ್ತಾರೆ,
ಒಂದು ಕಾಳೂ ಬಿಡಬಾರದು,
ಬಿಟ್ಟಷ್ಟು ಕಾಳಿಗೆ ಅಷ್ಟು ಹನಿ ಕಣ್ಣೀರು ಬರುವ ವರ್ಷ.
ಹುಟ್ಟಿದಾಗಿನಿಂದ ನಾನು ತಟ್ಟೆಯಲ್ಲಿ ಬಿಟ್ಟಿದ್ದೆಲ್ಲ
ತೋಳಿಗೆ ತೊಡೆಗೆ ಬಂದು ಕೂತಂತಿತ್ತು:
ಗಟ್ಟಿ, ಕಂದು, ತುದಿ ಕಿತ್ತು ಹೋದ ಗಂಟುಗಳು.

ಡಿಪೋದ ಐವಾರ್ಸ್ ಭೂರ್ಜದ ಟಾರು ತಂದುಕೊಟ್ಟ.
ಹಚ್ಚಿಕೊಂಡು ಬಂಡಿ ಓಡಿಸಿದೆ,
ಏನೋ ಸುಡುತ್ತಿದೆ ಎಂದು ಪ್ರಯಾಣಿಕರು
ಸೀಟಿನ ಕೆಳಗೆ ಬಗ್ಗಿ ನೋಡಿದರು.
ಔಷಧಿ ಅಂಗಡಿಯವಳು ಕಜ್ಜಿಹುಳವೆಂದಳು,
ಮನೆಯ ಬಟ್ಟೆಯನ್ನೆಲ್ಲ ಕುದಿಸಿದೆವು, ಹುಳವೇ ಇರಲಿಲ್ಲ.
ಒಬ್ಬ ಡಾಕ್ಟರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ
ಟೆನ್ಷನ್ ಕಡಿಮೆ ಮಾಡಿ ಎಂದರು.
ಅಕ್ಕ ಮಿರ್ಜ಼ಾ ಮಾತ್ರ ನೆಟ್ಟಗೆ ಹೇಳಿದಳು:
ನೀನೇ ಕೆರೆದು ಹುಣ್ಣು ಮಾಡಿಕೊಂಡಿದ್ದು.
ಅದು ನಿಜವೇ ಆಗಿತ್ತು, ಅದಕ್ಕೇ ಉರಿಯಿತು.

ಡಾಕ್ಟರ್ ಲಿಗಿತಾ ಬೇರೆ ಥರ.
ಗಂಟುಗಳನ್ನು ಬೆರಳ ತುದಿಯಿಂದ ಮುಟ್ಟಿದರು,
ಮಸೂರ ಹಿಡಿದು ಹುಳದ ದಾರಿ ಹುಡುಕಿ, ಇಲ್ಲವೆಂದರು.
ಬೆನ್ನು ತೋರಿಸಿ.
ತೋರಿಸಿದೆ. ಬಹಳ ಹೊತ್ತು ಮಾತಿಲ್ಲ.
ಆಮೇಲೆ: ಯಾವ ಚಮಚ?

ಬೆನ್ನಿನ ನಡುವೆ, ಕೈ ಎಟುಕದಲ್ಲಿ,
ಇಂಥವರಿಗೆ ಒಂದು ಚಿಟ್ಟೆ ಇರುತ್ತದಂತೆ,
ಗಂಟಿಲ್ಲದ, ಗಾಯವಿಲ್ಲದ, ಹುಟ್ಟಿದಾಗಿನ ಚರ್ಮ.
ನನ್ನ ಚಿಟ್ಟೆಯ ಎಡರೆಕ್ಕೆ ಸೀಳಿತ್ತು,
ಅಮ್ಮನ ಗಂಜಿ ಸೌಟು ಹೋದಷ್ಟು ದೂರ.

ರಕ್ತ ಕೊಟ್ಟೆ: ಪಿತ್ತಜನಕಾಂಗ, ಮೂತ್ರಪಿಂಡ, ಥೈರಾಯ್ಡ್, ಸಕ್ಕರೆ,
ಒಬ್ಬೊಬ್ಬರನ್ನೇ ಕರೆದು ವಿಚಾರಿಸಿ ಬಿಟ್ಟರು.
ತೋಳಿನಿಂದ ಮಸೂರಬೇಳೆಯಷ್ಟು ಚರ್ಮ ಕೊರೆದು
ಒಂದು ಹೊಲಿಗೆ ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು.
ಹೆಸರು ಬಂತು: ಪ್ರುರಿಗೋ.
ಅಳು ಬಂತು, ಯಾಕೆಂದರೆ
ಹೆಸರಿರುವುದು ನನ್ನ ಹುಚ್ಚಾಗಿರಲಾರದು.

ನವೆಗೆ ಕೆರೆತ, ಕೆರೆತಕ್ಕೆ ಗಂಟು, ಗಂಟಿಗೆ ನವೆ.
ಯಾವುದು ಮೊದಲೆಂದು ಕೇಳಬೇಡಿ ಎಂದರು ಲಿಗಿತಾ.
ಕೇಳಲಿಲ್ಲ. ಕೊನೆಯ ನಿಲ್ದಾಣವಿಲ್ಲದ ಸುತ್ತುಹಳಿ
ನನಗೆ ಯಾರೂ ವಿವರಿಸಬೇಕಿಲ್ಲ.

ಮುಲಾಮು ಹಚ್ಚಿ ಮೇಲೆ ಪ್ಲಾಸ್ಟಿಕ್ ಸುತ್ತಬೇಕು.
ಉಗುರು ಮಾಂಸದವರೆಗೆ ಕತ್ತರಿಸಬೇಕು.
ವಾರಕ್ಕೆ ಮೂರು ದಿನ ಬೆಳಕಿನ ಪೆಟ್ಟಿಗೆ:
ಹೊರಗೆ ನವೆಂಬರ್, ಮೂರೂವರೆಗೆ ಮಬ್ಬು,
ಒಳಗೆ ಕಪ್ಪು ಕನ್ನಡಕ ಹಾಕಿ, ಉಟ್ಟ ಬಟ್ಟೆ ಕಳಚಿ,
ನೀಲಿ ಕೊಳವೆಗಳ ನಡುವೆ ನಿಂತೆ,
ಮೊದಲ ದಿನ ಇಪ್ಪತ್ತು ಸೆಕೆಂಡು.
ಅದೂ ಸಾಲದೆ ಇಂಜೆಕ್ಷನ್, ಎರಡು ವಾರಕ್ಕೊಂದು.
ಫ್ರಿಜ್ಜಿನಲ್ಲಿ ಉಪ್ಪು ಮೀನಿನ ಭರಣಿಯ ಪಕ್ಕ ಇಡುತ್ತೇನೆ.

ವಾಸಿಯಾಯಿತು ಅನ್ನಲಾರೆ.
ನಾಲ್ಕನೇ ತಿಂಗಳು ಒಂದು ರಾತ್ರಿ
ಅಲಾರಾಂ ಹೊಡೆಯುವ ತನಕ ಮಲಗಿದ್ದೆ, ಅಷ್ಟೆ.
ಮಿರ್ಜ಼ಾ ಬಾಗಿಲಲ್ಲಿ ನಿಂತಿದ್ದಳು,
ಉಸಿರಾಡುತ್ತಿದ್ದೀಯಾ ಅಂತ ನೋಡೋಕೆ ಬಂದೆ ಎಂದಳು.
ಈಗ ಬೆನ್ನಿಗೆ ಕ್ರೀಮು ಹಚ್ಚುವವಳು ಅವಳೇ,
ಚಿಟ್ಟೆಗೆ ಬೇಡವೆಂದರೂ ಕೇಳುವುದಿಲ್ಲ.

ನಿನ್ನೆ ಮುಂದಿನ ಸೀಟಿನಲ್ಲಿ ಒಬ್ಬ ಹುಡುಗ,
ಮೊಣಕೈ ಮಡಿಕೆಯಲ್ಲಿ ಬೆರಳು.
ತಾಯಿ ಕೈ ಮೇಲೆ ಏಟು ಹಾಕಿದಳು.
ನಿಲ್ದಾಣದಲ್ಲಿ ತಾಯಿ ಕಿಟಕಿಯತ್ತ ತಿರುಗಿದಾಗ
ಹುಡುಗ ಕನ್ನಡಿಯಲ್ಲಿ ನನ್ನನ್ನು ನೋಡಿದ.
ಬಾಗಿಲು ತೆರೆದೇ ಇಟ್ಟೆ,
ಅವನು ಮುಗಿಸುವ ತನಕ.
ಮುಂದೆ ನಾಲ್ಕು ನಿಮಿಷದ ದಾರಿ ಇತ್ತು.