ಬಾಕಿ

ಬಂದ ದಿನ ಮೆಟ್ಟಿಲ ಬಳಿ ಕೇಳಿದೆ, ‘ಊಟ ಆಯ್ತಾ?’
ಸರಸ್ವತೀಪುರದಲ್ಲಿ ಯಾರು ಯಾರನ್ನಾದರೂ ಕೇಳುವ ಹಾಗೆ, ಅಷ್ಟೇ.
ಪಕ್ಕದ ಮನೆ ಹುಡುಗನಿಂದ ಅರ್ಥ ತಿಳಿದುಕೊಂಡು
ತುಸು ಯೋಚಿಸಿ, ‘ಇಲ್ಲ’ ಎಂದಳು.
ಮೇಲೆ ಹೋಗಿ, ಕೈ ತೊಳೆದು, ತಟ್ಟೆ ಹಿಡಿದು ಇಳಿದಳು.
ಇದ್ದದ್ದು ಬೆಳಗಿನ ಸಾರು, ಒಬ್ಬಳಿಗಾಗುವಷ್ಟು ಅನ್ನ.
ಇಬ್ಬರೂ ಉಂಡೆವು.

ಹೆಸರು ಶಕೀಬಾ. ಊರು ಹೆರಾತ್.
ಗಂಗೋತ್ರಿಯಲ್ಲಿ ಸಂಖ್ಯಾಶಾಸ್ತ್ರ ಓದಲು
ಎರಡು ವರ್ಷಕ್ಕೆಂದು ಬಂದವಳು. ಇದು ನಾಲ್ಕನೆಯದು.
ಹಿಂದೆ ಬಾಗಿಲು ಮುಚ್ಚಿದೆ. ಯಾರು ಮುಚ್ಚಿದರೆಂದು
ನಾನು ಕೇಳಲಿಲ್ಲ, ಟಿವಿಯಲ್ಲಿ ನೋಡಿದ್ದೆ.

ನಾನು ಟೆಲಿಫೋನ್ ಸುಗುಣಮ್ಮ.
ಮೂವತ್ತೊಂದು ವರ್ಷ ಎಕ್ಸ್‌ಚೇಂಜಿನಲ್ಲಿ ಕೂತು
ಮಸ್ಕತ್ತು, ದೋಹಾ, ಕುವೈತಿಗೆ ತಂತಿ ಜೋಡಿಸಿದವಳು.
‘ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?’
ಕದ್ದು ಕೇಳಬಾರದು; ಕಿವಿಗೆ ರೆಪ್ಪೆ ಇಲ್ಲವಲ್ಲ.
ಅತ್ತವರಿಗಿಂತ, ಏನೂ ಆಡದೆ
ಮೂರು ನಿಮಿಷದ ದುಡ್ಡು ತೆತ್ತವರೇ ಹೆಚ್ಚು.
ಆ ಸದ್ದು ಗೊತ್ತು ನನಗೆ.
ಈಗ ರಾತ್ರಿ ಹನ್ನೊಂದಕ್ಕೆ ತಾರಸಿಯಿಂದ ಇಳಿಯುತ್ತದೆ:
ಹಲೋ. ಹಲೋ.
ಆಮೇಲೆ ಬರೀ ಹೆಜ್ಜೆ, ನೀರಿನ ಟ್ಯಾಂಕಿನವರೆಗೆ ಹೋಗಿ
ಮತ್ತೆ ತಿರುಗುವ ಹೆಜ್ಜೆ.

ಒಂದು ಭಾನುವಾರ ಅವರೆಕಾಯಿ ಸುಲಿಯುತ್ತ ಕೇಳಿದೆ,
‘ಬೇಜಾರಾಗುತ್ತೇನೇ?’
ತಟಕ್ಕನೆ ತಲೆಯೆತ್ತಿದಳು. ‘ಬೇಜಾರ್? ಅದು ನಮ್ಮ ಮಾತು!’
ನಿಮ್ಮದೆಲ್ಲಿ ಬಂತು ಹೋಗೇ, ನಮ್ಮಜ್ಜಿ
ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು ಎಂದು ಜಗಳಕ್ಕೇ ಬಿದ್ದೆ.
ಅಂದಿನಿಂದ ಶುರು. ದೇವರಾಜ ಮಾರ್ಕೆಟ್ಟಿಗೆ ಹೋದರೆ
ತರಕಾರಿ ಬಿಟ್ಟು ಮಾತು ಆರಿಸುತ್ತಾಳೆ.
ಪುದೀನ ನಮ್ಮದು, ಬಾದಾಮಿ ನಮ್ಮದು,
ದರ್ಜಿ, ರುಮಾಲು, ಗುಲಾಬಿ, ಜಮೀನು,
ಖುಷಿ! ಖುಷಿಯೂ ನಮ್ಮದೇ ಆಂಟೀ.
ಲಷ್ಕರ್ ಮೊಹಲ್ಲಾದ ಬೋರ್ಡಿನ ಕೆಳಗೆ ನಿಂತು
ಚಿಕ್ಕಪ್ಪನನ್ನು ಕಂಡವಳ ಹಾಗೆ ನಕ್ಕಳು.
‘ಮಲ್ಲಿಗೆ?’ ಎಂದೆ.
‘ಪಾಪ, ಅದು ನಿಮಗಿರಲಿ.’

ಯಾವ ಕಾಲಕ್ಕೆ ಯಾವ ಕುದುರೆಯ ಬೆನ್ನೇರಿ ಬಂದವೋ ಇವು,
ಯಾರ ಮೆಟ್ಟಿಲಲ್ಲಿ ಎಷ್ಟು ಸಂಜೆ ಕಾದವೋ.
ಬಾಲಕ್ಕೊಂದು ಉಕಾರ ಕಟ್ಟಿ ಒಳಗೆ ಕರೆದುಕೊಂಡೆವು.
ಅವಕ್ಕೆ ಯಾರೂ ವೀಸಾ ಕೇಳಲಿಲ್ಲ.
ಇವಳು ಮಾತ್ರ ಕಮಿಷನರ್ ಆಫೀಸಿನ ಬೆಂಚಿನಲ್ಲಿ
ಬೆಳಗಿನಿಂದ ಮೂರು ಗಂಟೆಯವರೆಗೆ, ತೊಡೆಯ ಮೇಲೆ ಅರ್ಜಿ.
ಅದೂ ಅವಳದೇ ಮಾತಂತೆ.

ಮಾತು ಸಿಕ್ಕಿತು, ಸರಿ. ಆದರೆ ಅದೇ ಬೇಜಾರಲ್ಲ.
‘ನಿಮ್ಮದು ಮೆತ್ತಗಿದೆ,’ ಎಂದಳು, ‘ನಮ್ಮದಕ್ಕೆ ಹಲ್ಲಿದೆ.’
ಆಷಾಢದ ಗಾಳಿಗೆ ಶೀಟು ಬಡಿದುಕೊಳ್ಳುವ ರಾತ್ರಿ
ನಾನು ಹೆದರಿ ಟಾರ್ಚು ಹಿಡಿದು ಹತ್ತಿದರೆ
ಕೂದಲು ಬಿಚ್ಚಿಕೊಂಡು ತಾರಸಿಯಲ್ಲಿ ನಿಂತಿದ್ದಾಳೆ.
ಅವರೂರ ಗಾಳಿ ನೂರಿಪ್ಪತ್ತು ದಿನ ಬೀಸುತ್ತದಂತೆ,
ಅದರ ಹೆಸರೇ ನೂರಿಪ್ಪತ್ತು ದಿನದ ಗಾಳಿ.
‘ಇದು ಇನ್ನೂ ಚಿಕ್ಕದು,’ ಎಂದಳು,
ತೊಟ್ಟಿಲ ಕೂಸನ್ನು ಕುರಿತು ಅನ್ನುವ ಹಾಗೆ.

ವಿದ್ಯಾರ್ಥಿವೇತನ ನಿಂತು ಎರಡು ತಿಂಗಳು.
ಬಾಡಿಗೆ ಪುಸ್ತಕದಲ್ಲಿ, ರೂಢಿ ನೋಡಿ, ‘ಬಾಕಿ’ ಎಂದು ಬರೆದೆ.
ಬೆರಳಿಟ್ಟು ಓದಿದಳು. ಈ ಸಲ ನಗಲಿಲ್ಲ.
‘ನಮ್ಮಲ್ಲಿ ಇದು ದೇವರ ಹೆಸರು ಆಂಟಿ.
ಎಲ್ಲ ಹೋದ ಮೇಲೂ ಇರುವವನು.
ಅಜ್ಜನ ಗೋರಿಯ ಮೇಲೆ ಕೆತ್ತಿದೆ.’

ಪೆನ್ನು ಹಿಡಿದೇ ಕೂತೆ.
ಹೊಡೆದು ಹಾಕಲು ಕೈ ಬರಲಿಲ್ಲ.
ಮುಚ್ಚಿಡಲೂ.
ಏನು ಹೇಳುವುದೋ ತಿಳಿಯದೆ, ‘ಊಟ ಆಯ್ತಾ?’ ಎಂದೆ.

‘ಆಯ್ತು ಆಂಟಿ, ನಿಮ್ದು?’ ಎಂದಳು ತಕ್ಷಣ,
ಥೇಟ್ ನಮ್ಮೂರವಳ ಹಾಗೆ.
ಮೇಲೆ ಬೆಳಗಿನಿಂದ
ಒಲೆ ಹಚ್ಚಿದ ಸದ್ದೇ ಇಲ್ಲ.